ನಾಯಕರ ತಲೆಗೆ ನನ್ನ ಕಿವಿ

"ಶೇಟ್, ನಿಮ್ಮ ಕಿವಿ ಸ್ವಲ್ಪ ಬೇಕಿತ್ತು!"

ಸಾಂತಾಕ್ರೂಜ್‌ನ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ನನ್ನನ್ನು ಗಿರಾಕಿಯೊಬ್ಬರು ಹಿಂದಿಯಲ್ಲಿ ಹೀಗೆ ಕೇಳಿದಾಗ ಕೈ ತಾನಾಗಿ ಕಿವಿಗೆ ಹೋಯಿತು.

ಅವರು ಪರೇಲ್‌ನ ಶಿಲ್ಪಿ. ಹಿಂದಿನ ಕಾಲದ ರಾಜಕೀಯ ನಾಯಕರೊಬ್ಬರು ಬದುಕಿದ್ದಾಗಲೇ ಅವರ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ತೆಗೆದಿದ್ದ ಅಚ್ಚಿನಿಂದ ಪ್ರತಿಮೆ ಮಾಡುತ್ತಿದ್ದರು. ಮೂಗು, ಗದ್ದ ಎಲ್ಲ ಅಸಲಿ. ಆದರೆ ಅಚ್ಚು ಕೆನ್ನೆಗೇ ಮುಗಿದಿತ್ತು. ಹಳೆಯ ಫೋಟೋದಲ್ಲಿದ್ದ ಕಿವಿ ಥೇಟ್ ನನ್ನದೇ ಅಂತೆ. ದೇಶಸೇವೆಗೆ ಇದಕ್ಕಿಂತ ಸುಲಭದ ದಾರಿ ಸಿಗಲಿಕ್ಕಿಲ್ಲ ಎಂದುಕೊಂಡು ಅವರ ವರ್ಕ್‌ಶಾಪಿಗೆ ಹೋದೆ. ಕಿವಿಯೊಳಗೆ ಹತ್ತಿ ತುರುಕಿಸಿಕೊಂಡು, ಹೊರಗೆ ತಣ್ಣನೆಯ ಪ್ಲಾಸ್ಟರ್ ಮೆತ್ತಿಸಿಕೊಂಡು, ಏನೂ ಕೇಳಿಸದೆ ಕೂತೆ.

ಪ್ರತಿಮೆ ತಯಾರಾದಾಗ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಆ ಗಂಭೀರ ಮುಖದ ಎರಡೂ ಬದಿಗೆ ನನ್ನ ಕಿವಿ! ನಾನು ಎದೆಯುಬ್ಬಿಸಿ ನಿಂತೆ. ಅವಳು ಮಾತ್ರ ಪ್ರತಿಮೆಗೆ ಒಂದು ಸುತ್ತು ಬಂದು, ನನ್ನನ್ನೊಮ್ಮೆ ನೋಡಿ ಕಿಸಕ್ಕನೆ ನಕ್ಕಳು.

ಆ ನಗುವಿನ ಅರ್ಥ ಈಗ ದಿನಾ ತಿಳಿಯುತ್ತಿದೆ. ಮನೆಯಲ್ಲಿ ಏನು ಹೇಳುವುದಿದ್ದರೂ ಮೊದಲು ಕೇಳುತ್ತಾಳೆ: "ಇವ್ರೇ, ಕಿವಿ ಮನೆಯಲ್ಲುಂಟಾ, ಪರೇಲ್‌ನಲ್ಲೇ ಬಾಕಿಯಾ?"