ಬೀಗಿತ್ತಿಯ ಕೋಣೆಗೆ ಹೋದ ಬಿಸಿ

ನಾನು ಕೆನಡಾಕ್ಕೆ ಬಂದ ದಿನ ನನಗೆ ತೋರಿಸಿದ ಕೋಣೆಯ ಗೋಡೆಯಾಚೆ ಎಮ್ಮೆಯಷ್ಟು ದೊಡ್ಡ ಕಬ್ಬಿಣದ ಮುದ್ದೆಯೊಂದು ಗುರುಗುಟ್ಟುತ್ತ ನಿಂತಿತ್ತು. ಅದರ ಹೊಟ್ಟೆಯೊಳಗೆ ನೀಲಿ ಬೆಂಕಿ. ಮನೆಯ ಕೆಳಗೆ ಬೆಂಕಿ ಇಟ್ಟು ಮೇಲೆ ಮಲಗುವ ಜನ ಇವರು ಎಂದು ಹೆದರಿದೆ.

"ಅವ್ವಾ, ಅದು ಬಾಯ್ಲರ್. ನೀರು ಕಾಸಿ ಪೈಪಿನಾಗ ಮ್ಯಾಲಿನ ಕೋಣಿಗೆಲ್ಲ ಕಳಸ್ತದ," ಎಂದ ಮಗ ಮಲ್ಲು. ಅವನು ಬ್ರೆಡ್ ಕಾರ್ಖಾನೆಯಲ್ಲಿ ಶಿಫ್ಟು ಮಾಡುತ್ತಾನೆ.

ಮಗನ ಮನೆಯಿರುವ ಎಟೋಬಿಕೋಕ್‌ನಲ್ಲಿ ಬಂಗಲೆ ಎಂದರೆ ಸಾಹುಕಾರರ ಬಂಗಲೆಯಲ್ಲ. ಒಂದೇ ಅಂತಸ್ತಿನ ಸಣ್ಣ ಮನೆ, ನೆಲದಡಿ ಬೇಸ್‌ಮೆಂಟು. ಬೇಸ್‌ಮೆಂಟು ನನಗೆ. ಮೇಲೆ ದೊಡ್ಡ ಕಿಟಕಿ, ಕಿಟಕಿಯಾಚೆ ಮರ ಇರುವ ಕೋಣೆ ಸೊಸೆಯ ತಾಯಿಗೆ, ಅಂದರೆ ನನ್ನ ಬೀಗಿತ್ತಿ ಮೈಸೂರಿನ ಸರಸ್ವತಿಗೆ. ಆಕೆ ನನಗಿಂತ ಮೊದಲು ಬಂದವಳಂತೆ. ಮಗ ನನ್ನವನು, ಕಿಟಕಿ ಆಕೆಗೆ. ನನಗೆ ಹೊಟ್ಟೆ ಉರಿಯಿತು, ಇದರಲ್ಲಿ ಮುಚ್ಚಿಡುವುದೇನಿದೆ?

ಚಳಿ ಬಿದ್ದ ಮೇಲೆ ಲೆಕ್ಕ ತಿರುಗಿತು. ಮೇಲಿನ ಕೋಣೆಗಳಲ್ಲಿ ರೇಡಿಯೇಟರು ಎಂಬ ಕಬ್ಬಿಣದ ಪಕ್ಕೆಲುಬುಗಳಿವೆ. ಬಿಸಿನೀರು ಅವುಗಳೊಳಗೆ ಹರಿಯಬೇಕು. ಅವು ಅರ್ಧ ಸತ್ತಿದ್ದವು. ನನ್ನ ಕೋಣೆ ಮಾತ್ರ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿತ್ತು. ಬೀಗಿತ್ತಿ ಶಾಲು ಹೊದ್ದು ಮೆಟ್ಟಿಲಿಳಿದು ಬಂದಳು.

"ಸ್ವಲ್ಪ ಸರ್ಕೊಳ್ಳಿ ನೀಲಮ್ಮನೋರೆ. ಮೇಲೆ ಕಾಲೆಲ್ಲ ಮರಗಟ್ಟಿಹೋಯ್ತು."

"ಯಾಕ, ಕಿಟಕಿ ಬಿಸಿ ಕೊಡಂಗಿಲ್ಲೇನು?" ಎಂದೆ. ಆದರೂ ಸರಿದೆ.

ಮೊಮ್ಮಗಳು ಅನು ನನ್ನ ಹಾಸಿಗೆಯ ಮೇಲೆಯೇ ಹೋಮ್‌ವರ್ಕು ಮಾಡುತ್ತಿದ್ದಳು. ಬಾಯ್ಲರಿನ ಪಕ್ಕ ಇಟ್ಟ ನನ್ನ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ಬೀಗಿತ್ತಿ ಮೇಲೆ ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಇರುತ್ತಿತ್ತು. ನವಲಗುಂದದ ಕಡೆ ನಮ್ಮೂರಲ್ಲಿ ಬಿಸಿಲು ಯಾರ ಸ್ವತ್ತೂ ಅಲ್ಲ. ಬೇಡವೆಂದರೂ ಎಲ್ಲರ ತಲೆಯ ಮೇಲೆ ಬೀಳುತ್ತದೆ. ಇಲ್ಲಿ ಬಿಸಿ ಯಾರ ಹತ್ತಿರ ಇದೆಯೋ ಅವರ ಹತ್ತಿರ ಜನ. ಕೆಲವು ಚಳಿಗಾಲ ನಾನೇ ಈ ಮನೆಯ ಯಜಮಾನಿಯಾಗಿದ್ದೆ.

ಈ ಸಲ ಎಲೆ ಉದುರುವ ಹೊತ್ತಿಗೆ ಬಾಯ್ಲರ್ ಸೋರತೊಡಗಿತು. ಪಂಜಾಬಿ ಮೇಸ್ತ್ರಿ ಬಂದು ಅದನ್ನು ಸುತ್ತಿಗೆಯಿಂದ ಒಡೆದು ತುಂಡು ತುಂಡಾಗಿ ಹೊರಗೆ ಸಾಗಿಸಿದ. ಗೋಡೆಗೆ ಸೂಟ್‌ಕೇಸಿನಂಥ ಬಿಳಿ ಪೆಟ್ಟಿಗೆ ತೂಗುಹಾಕಿದ, ಅದೇ ಹೊಸ ಬಾಯ್ಲರಂತೆ. ಸದ್ದಿಲ್ಲ. ಮುಟ್ಟಿದರೆ ತಣ್ಣಗೆ.

"ಮಾಜೀ, ಅಬ್ ಗರ್ಮೀ ವೇಸ್ಟ್ ನಹೀ ಹೋಗೀ," ಎಂದ.

"ಏನಂತಾನೋ ಮಲ್ಲೂ?"

"ಹಳೇದರ ಬಿಸಿ ಇಲ್ಲೇ ಸೋರಿ ಹಾಳಾಗ್ತಿತ್ತಂತ ಅವ್ವಾ. ಇನ್ನ ಎಲ್ಲಾ ಮ್ಯಾಗ ಹೋಗ್ತದ."

ಹಾಳಾಗುತ್ತಿದ್ದದ್ದು ಅಂದರೆ ನನ್ನ ಕೋಣೆಗೆ ಬರುತ್ತಿದ್ದದ್ದು.

ಮೇಲಿನ ಪಕ್ಕೆಲುಬುಗಳಿಗೆ ಜೀವ ಬಂತು. ನನ್ನ ಕೋಣೆಯಲ್ಲಿ ರೇಡಿಯೇಟರೇ ಇಲ್ಲ, ಬೇಕೂ ಆಗಿರಲಿಲ್ಲ. ಮಲ್ಲು ಕರೆಂಟಿನ ಹೀಟರ್ ತಂದಿಟ್ಟ. ಅದರ ಬಿಸಿ ಕಾಲಿಗೆ ಮುಟ್ಟಿದರೆ ಬೆನ್ನಿಗಿಲ್ಲ. ಅನು ಪುಸ್ತಕ ಎತ್ತಿಕೊಂಡು, "ಇಟ್ಸ್ ಫ್ರೀಜಿಂಗ್, ಅಜ್ಜಿ," ಎಂದು ಆ ಅಜ್ಜಿಯ ಕೋಣೆಗೆ ಹೋದಳು. ನನ್ನ ಹಾಲು ಮೊಸರಾಗಲಿಲ್ಲ. ಆಕೆಯದು ಆಯಿತು.

"ಮೊಸರು ಹೇಗಿದೆ ನೀಲಮ್ಮನೋರೆ?" ಊಟದಲ್ಲಿ ಬೇಕಂತಲೇ ಕೇಳಿದಳು.

"ಹುಳಿ."

"ಹುಳಿ ಅಂತೀರ, ಮತ್ತೆ ಹಾಕಿಸ್ಕೋತೀರ!"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ತಟ್ಟೆ ತೊಳೆದಿಟ್ಟು ಕೆಳಗಿಳಿದೆ.

ಒಂದು ವಾರ ಕೌದಿ ಹೊದ್ದು ಕುಳಿತೆ. ಕೆಮ್ಮು ಬಂತು. ಬೀಗಿತ್ತಿಯೇ ಕೆಳಗೆ ಬಂದು ನಿಂತಳು.

"ಏಳಿ, ಮೇಲೆ ಬನ್ನಿ. ನಾನು ನಿಮ್ಮ ಹಾಸಿಗೆ ಮೇಲೆ ಕೂತಿರ್ಲಿಲ್ವಾ?"

"ಅವತ್ತ ನೀ ಜಾಗಾ ಕೇಳಿ ಬಂದಿ. ಈಗ ನನ್ನ ಕರ್ಯಾಕ ಬಂದಿ. ಎರಡೂ ಒಂದೇನು?"

"ಒಂದೇ ಅಲ್ಲ. ನೀವು ಕೊಂಕು ಆಡಿ ಜಾಗ ಕೊಟ್ರಿ, ನಾನು ಸುಮ್ನೆ ಕೊಡ್ತಿದೀನಿ."

ಹೋದೆ. ಆಕೆ ಸರಿದು ಕೊಟ್ಟ ಜಾಗ ಬೆಚ್ಚಗಿತ್ತು. ಕಿಟಕಿಯಾಚೆ ಮರದ ಮೇಲೆ ಹಿಮ. ಅನು ತಲೆಯೆತ್ತಿ ನೋಡಿ ನಕ್ಕು, ಆಕೆಯ ಮೊಣಕಾಲಿಗೇ ಒರಗಿ ಓದುತ್ತ ಕುಳಿತಳು. ಬೀಗಿತ್ತಿ ಒಂದು ಕೊಂಕು ಆಡಿದ್ದರಾದರೂ ನನಗೆ ಸಮಾಧಾನವಾಗುತ್ತಿತ್ತು.

ಸಂಜೆ ಮಲ್ಲು ಕೇಳಿದ: "ಅವ್ವಾ, ನಿನ್ನ ಹಾಸಿಗಿ ಇಲ್ಲೇ ತರ್ಲೇನು?"

"ಬ್ಯಾಡ. ಹಗಲ ಇಲ್ಲಿ ಕುಂಡರ್ತೀನಿ, ಮಲಗೂದು ಕೆಳಗ."

"ಕೆಳಗ ಥಂಡಿ ಅದ."

"ಮ್ಯಾಗ ಬೆಚ್ಚಗದ ಖರೆ," ಎಂದೆ. "ಕೆಳಗಿನ ಕೋಣಿ ನಂದದ."