ಟವೆಲ್ಲಿನ ಕೆಳಗೆ ಎರಡು ಬೆರಳು

ಔರಾದದ ದನದ ದಲಾಲ ನರಸಿಂಗನದೂ ನನ್ನದೂ ಗೋಡೆಗೆ ಗೋಡೆ ಹತ್ತಿದ ಮನೆ. ನನ್ನ ಔಷಧ ಅಂಗಡಿ ಅವನ ಹರಟೆಯ ಕಟ್ಟೆ. ಹಾಯುವ ಎತ್ತಿನ ಬಾಯಿಗೆ ಕೈ ಹಾಕಿ ಹಲ್ಲು ಎಣಿಸುವ ಈ ಗಂಡಸು ಹೋದ ಶ್ರಾವಣದಲ್ಲಿ ಹೆದರಿ ಮನೆ ಸೇರಿದ. ಹೆದರಿಸಿದ್ದು ಅವನದೇ ಬಲಗೈ ಹೆಬ್ಬೆರಳು.

ಹೆಬ್ಬೆರಳಿನ ಬುಡದ ಮಾಂಸ ತನ್ನಷ್ಟಕ್ಕೆ ತಾನೇ ಪಟಪಟ ಹಾರುತ್ತಿತ್ತು. ಎರಡು ನಿಮಿಷ ಹಾರುವುದು, ಸುಮ್ಮನಾಗುವುದು, ಮತ್ತೆ ಹಾರುವುದು. ಕಣ್ಣು ಹಾರಿದರೆ ಶುಭವೋ ಅಶುಭವೋ ಹೇಳಲು ಊರ ತುಂಬ ಜನ ಇದ್ದಾರೆ. ಹೆಬ್ಬೆರಳಿಗೆ ಯಾರೂ ಸಿಗಲಿಲ್ಲ. ಹಾಗಾಗಿ ಮೊಬೈಲನ್ನು ಕೇಳಿದ. ಹೀಗೇ ಶುರುವಾಗಿ, ಕೈಕಾಲು ಸೊರಗಿ, ಮಲಗಿದಲ್ಲೇ ಸತ್ತವರ ವಿಡಿಯೋಗಳನ್ನು ಅದು ಒಂದರ ಹಿಂದೆ ಒಂದು ತೋರಿಸಿತು. ಅಂದಿನಿಂದ ಶಕ್ತಿ ಪರೀಕ್ಷೆ ಶುರುವಾಯಿತು. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ನೋಡುವುದು, ನನ್ನ ಅಂಗಡಿಗೆ ಬಂದವರ ಕೈ ಹಿಂಡಿ ನೋಡುವುದು. ದಿನಕ್ಕೆ ನೂರು ಸಲ ಹಿಂಡಿದ ಕೈ ಹಾರದೆ ಇನ್ನೇನು ಮಾಡೀತು?

ಇದೇ ಹೆಬ್ಬೆರಳು ಬೇರೆಯವರಿಗೆ ಹಾರಿದ್ದರೆ ತುರಿಸಿಕೊಂಡು ಸುಮ್ಮನಿರುತ್ತಿದ್ದರು. ಆದರೆ ದನದ ಬಜಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ವ್ಯವಹಾರ. ಸುತ್ತ ನಿಂತವರು ಕೇಳಲೆಂದು ಬಾಯಿ ಏನೇನೋ ಅನ್ನುತ್ತಿರುತ್ತದೆ; ಖರೆ ಮಾತು ಇರುವುದು ಟವೆಲ್ಲಿನ ಕೆಳಗೆ. ಭಾಲ್ಕಿಯ ಬಜಾರದಲ್ಲಿ ಮೆಹಕರದ ರೈತನೊಬ್ಬನ ಜೋಡಿ ಎತ್ತಿಗೆ ಹೀಗೆ ಬೆರಳು ಒತ್ತುತ್ತಿದ್ದಾಗ ಹೆಬ್ಬೆರಳು ಹಾರಿತು. ರೈತ ಅದನ್ನೂ ಒಂದು ಬೆರಳೆಂದು ಲೆಕ್ಕಕ್ಕೆ ಹಿಡಿದು, “ಆಯ್ತ್ರಿ, ಕೊಟ್ಟೆ” ಅಂದುಬಿಟ್ಟ. ಟವೆಲ್ಲಿನ ಕೆಳಗೆ ಕೊಟ್ಟ ಮಾತು ತಿರುಗಿಸುವಂತಿಲ್ಲ. ಹೆಚ್ಚಾದದ್ದನ್ನು ನರಸಿಂಗ ತನ್ನ ದಲಾಲಿಯಲ್ಲೇ ಮುರಿದುಕೊಂಡ. ಅದಕ್ಕವನು ಅಳಲಿಲ್ಲ. ಆದರೆ ಕೈಯ ಮೇಲಿನ ನಂಬಿಕೆ ಹೋದರೆ ದಲಾಲನಿಗೆ ಉಳಿಯುವುದು ಬಾಯಿ ಮಾತ್ರ. ಅದನ್ನು ಮೊದಲೂ ಯಾರೂ ನಂಬಿದವರಲ್ಲ. ಮೂರು ಸಂತೆ ಅವನು ಮನೆ ಬಿಟ್ಟು ಕದಲಲಿಲ್ಲ.

ಕೊನೆಗೆ ನಾನೇ ಬಸ್ಸು ಹತ್ತಿಸಿ ಬೀದರದ ನರರೋಗದ ಡಾಕ್ಟರ ಬಳಿ ಕರೆದೊಯ್ದೆ. ಅವರು ಮೈಸೂರು ಕಡೆಯವರು, ಬಂದು ಆರು ತಿಂಗಳಾಗಿತ್ತು. ಅರ್ಧ ತಾಸು ಸಮಾಧಾನದಿಂದ ನೋಡಿದರು. ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ಬೆರಳುಗಳನ್ನು ಹಿಡಿದು ಎಳೆಸಿದರು.

“ಶಕ್ತಿ ಎಲ್ಲಾ ಸರಿಯಾಗಿದೆ. ಇದು ತುಂಬಾ ಜನಕ್ಕೆ ಆಗುತ್ತೆ, ರೋಗ ಅಲ್ಲ. ಟೀ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಕೈ ಹಿಂಡೋದು ಬಿಡಿ. ಮಾತ್ರೆ ಏನೂ ಬೇಡ,” ಅಂದರು.

ಮಾತ್ರೆ ಬೇಡ ಅಂದದ್ದು ವ್ಯಾಪಾರಸ್ಥನಾದ ನನಗೂ ಅಷ್ಟು ಹಿಡಿಸಲಿಲ್ಲ. ನರಸಿಂಗನಿಗಂತೂ ಸಂಶಯ ಗಟ್ಟಿಯಾಯಿತು.

“ಸಾಹೇಬ್ರ, ದನಕ್ಕ ಐಬೇ ಇಲ್ಲ ಅಂತ ಮೂವತ್ತು ವರ್ಷದಿಂದ ನಾನೂ ಹೇಳ್ಕೋತ ಬಂದೀನ್ರಿ. ಬಾಯಿಲೆ ಬ್ಯಾಡ್ರಿ. ಖರೇ ಎಷ್ಟ ಆಯುಷ್ಯ ಅದ, ಬೆರಳಿಲೆ ಹೇಳ್ರಿ,” ಎಂದು ಹೆಗಲ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹೊದಿಸಿದ.

ದನದ ಬಜಾರ ಕಾಣದ ಡಾಕ್ಟರು, ಬೆರಳಿನ ಶಕ್ತಿ ಇನ್ನೊಮ್ಮೆ ನೋಡಲಿ ಅನ್ನುತ್ತಿದ್ದಾನೆಂದು ತಿಳಿದು, ಅವನ ಎರಡು ಬೆರಳು ಗಟ್ಟಿಯಾಗಿ ಹಿಡಿದು “ಎಳೀರಿ ನೋಡೋಣ” ಅಂದರು. ನರಸಿಂಗ ಎಳೆಯಲಿಲ್ಲ. ಮುಖ ಸುಣ್ಣವಾಗಿತ್ತು. ಹೊರಗೆ ಬಂದು ನನಗೆ ಹೇಳಿದ: “ಎರಡ ವರ್ಷ ಅಣ್ಣಾ.”

ಬಸ್ಸಿನಲ್ಲಿ ಔರಾದದವರೆಗೆ ಬುದ್ಧಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. “ನೀ ಗುಳಿಗಿ ಮಾರಾಂವ, ನಿನಗ ಟವೆಲ್ಲಿನ ಮಾತು ಏನ್ ತಿಳೀತದ?” ಅಂದ. ಇಳಿಯುವ ಹೊತ್ತಿಗೆ ಇವನನ್ನು ನಾನೇ ಎರಡು ದಿನದಲ್ಲಿ ಮುಗಿಸಿಬಿಡಲೇ ಅನ್ನುವಷ್ಟು ಸಿಟ್ಟು ಬಂದಿತ್ತು.

ಅವನ ಹೆಂಡತಿ ಸುಮನ ರೊಟ್ಟಿ ಬಡಿಯುತ್ತಿದ್ದಳು. ನನಗೊಂದು ಲೋಟ ಚಹಾ ಕೊಟ್ಟು, ಗಂಡನ ಮಾತನ್ನೆಲ್ಲ ಕೇಳಿದಳು.

“ಎರಡಂದ್ರ ಯಾವ ಲೆಕ್ಕದ ಎರಡ್ರಿ? ಬೆರಳಿಗಿ ಒಂದೊಂದೋ, ಹತ್ತಹತ್ತೋ?”

ಬೆರಳಿಗೆ ಸಾವಿರವೋ ಹತ್ತು ಸಾವಿರವೋ ಎಂದು ಮೊದಲು ಗೊತ್ತು ಮಾಡಿಕೊಳ್ಳದೆ ನಿನ್ನೆ ಮೊನ್ನೆ ದಲಾಲಿಗೆ ಬಂದವನೂ ಟವೆಲ್ ಹೊದಿಸುವುದಿಲ್ಲ.

“ಕೇಳಲಿಲ್ಲ,” ಅಂದ ನರಸಿಂಗ ಮೆಲ್ಲಗೆ. ತನ್ನ ಐವತ್ನಾಲ್ಕಕ್ಕೆ ಇಪ್ಪತ್ತನ್ನು ಮನಸ್ಸಿನಲ್ಲೇ ಕೂಡಿಸಿದ. “ಹತ್ತರ ಲೆಕ್ಕ ಆದ್ರ ಎಪ್ಪತ್ನಾಕಕ್ಕ ಹೋಗ್ತೇನಿ.”

“ಸಾಕಲ್ರಿ. ನಾಳಿ ಸಂತಿಗಿ ನಡೀರಿ.”

“ಅಲ್ಲಿ ಮತ್ತ ಹಾರಿದ್ರ? ಈ ಕೈ ಯಾರ್ ಹಿಡೀತಾರ?”

ಅಷ್ಟು ದಿನ ನಗುತ್ತಿದ್ದ ನನಗೂ ಪಾಪ ಅನ್ನಿಸಿತು. ಸುಮನ ಹಿಟ್ಟಿನ ಕೈ ತೊಳೆದುಕೊಂಡು ಬಂದು ಎದುರಿಗೆ ಕುಳಿತಳು. ಅವನ ಹೆಗಲಿನ ಟವೆಲ್ ಎಳೆದು, ಅವನ ಕೈಯೊಳಗೆ ತನ್ನ ಕೈ ಇಟ್ಟು ಮುಚ್ಚಿದಳು. ನರಸಿಂಗ ಮೊದಲು ನಾಚಿದ. ಆಮೇಲೆ ಬಜಾರದಲ್ಲಿ ಮಾಡುವಂತೆ ಕತ್ತು ಓರೆ ಮಾಡಿ, ಉಸಿರು ಬಿಗಿಹಿಡಿದು ಕುಳಿತ. ಒಲೆಯ ಮೇಲಿನ ರೊಟ್ಟಿ ಸೀಯತೊಡಗಿತು.

“ನಿಂದೂ ಹಾರ್ತದ.”

“ಹೂಂ.”

“ಯಾವಾಗಿಂದ?”

“ಮಗಳ ಬಾಣಂತನ ಮಾಡ್ದಾಗಿಂದ. ಆರು ವರ್ಷ ಆಯ್ತು.”

“ನನಗ ಯಾಕ ಹೇಳಲಿಲ್ಲ?”

“ಭಾಲ್ಕಿ, ಔರಾದ, ಉದಗೀರ, ಎಲ್ಲಾ ಬಜಾರದಾಗ ಕಂಡಕಂಡವ್ರ ಕೈ ಹಿಡದ್ರಿ. ಒಂದಿನ ನನ್ನ ಕೈ ಹಿಡದಿದ್ರ ನಾ ಹೇಳೋದೇ ಬೇಕಾಗ್ತಿರಲಿಲ್ಲ.”

ನಾನು ಚಹಾದ ಲೋಟ ಅಲ್ಲೇ ಇಟ್ಟು ಎದ್ದೆ. ಕೂಡು ಅಂತ ನರಸಿಂಗ ಅನ್ನಲಿಲ್ಲ. ಕೈಯನ್ನೂ ಬಿಟ್ಟಿರಲಿಲ್ಲ.