ಕೆಟ್ಟದ್ದು ಆನೆಗೊಂದಿಯ ಕೆಸರಲ್ಲ

ಆ ಮೂರು ಬಾಟಲಿಗಳ ಬಿರಡೆ ತೆಗೆದವಳು ನಾನು, ಸರ್. ಆನೆಗೊಂದಿಯ ಕೆಸರಿನದು ಏನೂ ತಪ್ಪಿರಲಿಲ್ಲ. ಎಂಟು ವರ್ಷಗಳಿಂದ ಈ ಮಾತು ಗಂಟಲತನಕ ಬಂದು ಮತ್ತೆ ಒಳಗೆ ಹೋಗಿದೆ. ಈಗ ಬರೆದೇ ಬಿಡುತ್ತೇನೆ—ಇಲ್ಲದಿದ್ದರೆ ಇನ್ನೊಂದು ನೆಪ ಸಿಗುತ್ತದೆ. ನೆಪ ಹುಡುಕುವುದರಲ್ಲಿ ನಾನೆಷ್ಟು ಹುಷಾರು ಎಂಬುದು ನಿಮಗೆ ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊಪ್ಪಳದ ಕಾಲೇಜಿನಲ್ಲಿ ನೀವು, ಹಿರೇಮಠ ಸರ್, ರಸಾಯನಶಾಸ್ತ್ರದ ಅಧ್ಯಾಪಕರು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಅಳವಂಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಪ್ರಯೋಗಾಲಯದ ಸಹಾಯಕಿ. ಗಂಗಾವತಿಯ ಒಂದು ಸಣ್ಣ ಸಾಬೂನು ಕಾರ್ಖಾನೆಯವರು ಸಾಬೂನು ಕುದಿಸಿ ಉಳಿದ ನೀರನ್ನು ಚರಂಡಿಗೆ ಬಿಡುತ್ತಿದ್ದರು. ನೀವು ಅದನ್ನೇ ಡಬ್ಬಿಯಲ್ಲಿ ತುಂಬಿಸಿ ತರಿಸುತ್ತಿದ್ದಿರಿ. ಇದೇನು ಹುಚ್ಚು ಎಂದು ನಾನು ನಕ್ಕಿದ್ದಕ್ಕೆ ನೀವು ಸಿಟ್ಟಾಗಲಿಲ್ಲ.

"ಬಾಯಿ ಹುಣ್ಣಿಗೆ ಹಚ್ಚೋ ಗ್ಲಿಸರಿನ್ ಇದರಾಗ ಐತಿ, ಗಿರಿಜಾ. ಗಾಳಿ ಬ್ಯಾಡ ಅನ್ನೋ ಸಣ್ಣ ಜೀವ ಅದಾವ. ಅವು ಇದನ್ನ ತಿಂದು ಬ್ಯಾರೆ ರಸಾಯನ ಮಾಡಿ ಕೊಡ್ತಾವ. ಚೆಲ್ಲೋ ನೀರಿನ್ಯಾಗಿಂದ ಮುಂದೊಂದು ದಿನ ನೂಲು ತೆಗೀತಾರ, ನೋಡ್ತಿರು."

ಆ ಜೀವಗಳನ್ನು ಹುಡುಕಿಕೊಂಡು ನೀವೇ ಆನೆಗೊಂದಿಗೆ ಹೋಗಿ, ಪ್ಯಾಂಟು ಮಡಚಿ ಭತ್ತದ ಗದ್ದೆಗೆ ಇಳಿದು, ನೀರಿನಡಿಯ ಕಪ್ಪು ಕೆಸರನ್ನು ತಂದಿರಿ. ಸಾಬೂನು ನೀರಿನ ಕ್ಷಾರ ಇಳಿಸಿ, ಕುದಿಸಿ ಆರಿಸಿ, ಅದಕ್ಕೆ ಕೆಸರು ಸೇರಿಸಿ ಬಾಟಲಿಗೆ ರಬ್ಬರ್ ಬಿರಡೆ ಬಿಗಿದಿರಿ. ಬಿರಡೆಯಿಂದ ಹೊರಟ ಕೊಳವೆಯ ತುದಿ ಒಂದು ಲೋಟ ನೀರಿನಲ್ಲಿ ಮುಳುಗಿರುತ್ತಿತ್ತು—ಒಳಗಿನ ಅನಿಲ ಗುಳ್ಳೆಯಾಗಿ ಹೊರಗೆ ಬರಬೇಕು, ಹೊರಗಿನ ಗಾಳಿ ಒಳಗೆ ಹೋಗಬಾರದು. ಮೊದಲ ಬಾಟಲಿಯಿಂದ ಒಂದು ಚಮಚದಷ್ಟು ಬಣ್ಣವಿಲ್ಲದ ಮಂದ ದ್ರವ ಸಿಕ್ಕಿತು. ಪ್ರೊಪೇನ್‌ಡಯಾಲ್, ಮುಂದೆ ನೂಲಾಗುವುದು ಇದೇ ಎಂದಿರಿ. ಪ್ರನಾಳ ಹಿಡಿದುಕೊಂಡು ವರಾಂಡದ ಉದ್ದಕ್ಕೂ ನಡೆದು, ಸಿಕ್ಕವರಿಗೆಲ್ಲ ತೋರಿಸಿದಿರಿ. ಕನ್ನಡದ ಮೇಷ್ಟ್ರು ಮೂಸಿ ನೋಡಿ ಸೀನಿದರು.

ಕಾರ್ಖಾನೆಯ ಮಾಲೀಕರಿಗೂ ಸುದ್ದಿ ಮುಟ್ಟಿತು. ದಸರೆ ಮುಗಿದ ಮೇಲೆ ಬಂದು ನೋಡುತ್ತೇವೆ, ಮೆಚ್ಚಿಗೆಯಾದರೆ ಒಂದು ಶೆಡ್ಡು ಮತ್ತು ದೊಡ್ಡ ತೊಟ್ಟಿ ಬಿಟ್ಟುಕೊಡುತ್ತೇವೆ ಎಂದರು. ನೀವು ಹೊಸದಾಗಿ ಮೂರು ಬಾಟಲಿ ಹೂಡಿದಿರಿ. ಎಲ್ಲರೆದುರಿಗೆ, "ಗಿರಿಜಾ ನೋಡ್ಕೋತಾಳ ಅಂದ್ರ ನನಗ ಚಿಂತಿ ಇಲ್ಲ" ಅಂದಿರಿ. ಆ ಒಂದು ಮಾತಿಗೆ ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ.

ಹಬ್ಬದ ರಜೆಗೆ ಮುನ್ನಾದಿನ ಕಾಲೇಜಿನಲ್ಲಿ ಆಯುಧಪೂಜೆ. ಯಾವುದೋ ಕೆಲಸಕ್ಕೆ ನೀವು ಹೊರಗೆ ಹೋಗಿದ್ದಿರಿ. ನಮ್ಮನೆಯಲ್ಲಿ ನೇಗಿಲ ಕುಡ, ಕುಡುಗೋಲು, ಬಂಡಿಯ ಗಾಲಿ ಯಾವುದೂ ತೊಳೆಯದೆ ಪೂಜೆಗೆ ಬರುವುದಿಲ್ಲ. ನಾನೂ ಹಾಗೇ ಬರ್ನರು, ತಕ್ಕಡಿ, ಸ್ಟ್ಯಾಂಡು ಎಲ್ಲ ಉಜ್ಜಿ ವಿಭೂತಿ ಬಳಿದೆ. ಉಳಿದದ್ದು ಆ ಮೂರು ಬಾಟಲಿ. ಕೊಳವೆಗಳಲ್ಲಿ ಲೋಳೆ ಕಟ್ಟಿ ಹುಳಿ ನಾತ ಹೊಡೆಯುತ್ತಿತ್ತು. ದೇವರ ಮುಂದೆ ಈ ನಾತ ಹೇಗೆ ಇಡುವುದು—

ಬಿರಡೆ ಕಿತ್ತೆ. ಕೊಳವೆ ತೊಳೆದು ಬಿಸಿಲಿಗೆ ಇಟ್ಟೆ. ಮಂಗಳಾರತಿ ಆಗಿ, ಚುರುಮುರಿ ಹಂಚಿ ಮುಗಿಯುವವರೆಗೂ ಬಾಟಲಿಗಳು ಬಾಯಿ ತೆರೆದುಕೊಂಡು ಕುಂಕುಮ ಇಟ್ಟುಕೊಂಡು ಕೂತಿದ್ದವು. ಆಮೇಲೆ ಕುಂಕುಮ ಒರೆಸಿ, ಕೊಳವೆ ಜೋಡಿಸಿ, ಬಿರಡೆ ಮತ್ತೆ ಬಿಗಿದು ಊರಿಗೆ ಹೋದೆ. ಗಾಳಿ ತಾಗಬಾರದೆಂದು ನೀವು ಹೇಳಿರಲಿಲ್ಲ ಅನ್ನಲೇ? ಹೇಳಿದ್ದಿರಿ, ಹತ್ತು ಸಲ. ಆದರೆ ಹೆಪ್ಪು ಹಾಕಿದ ಗಡಿಗೆಯ ಮುಚ್ಚಳ ತೆಗೆದು ನೋಡಿದರೆ ಮೊಸರೇನು ಆಗದೆ ಉಳಿಯುತ್ತದೆಯೇ, ಅಂದುಕೊಂಡೆ. ಪದವಿ ಮಾಡಿದವಳು ನಾನು, ಬುದ್ಧಿ ಮಾತ್ರ ಅಡುಗೆಮನೆಯಲ್ಲೇ ಇತ್ತು.

ಬನ್ನಿ ಹಬ್ಬದ ಮರುದಿನ ಬಂದು ನೋಡಿದರೆ ಲೋಟದ ನೀರು ಅಲ್ಲಾಡುತ್ತಿಲ್ಲ. ಒಂದು ಗುಳ್ಳೆಯೂ ಇಲ್ಲ. ನೀವು ಮಂಡಿಯೂರಿ ಬಹಳ ಹೊತ್ತು ನೋಡಿದಿರಿ.

"ಬಾಟ್ಲಿ ಯಾರರ ಮುಟ್ಟ್ಯಾರೇನು, ಗಿರಿಜಾ?"

"ಇಲ್ರಿ ಸರ್. ಯಾರೂ ಮುಟ್ಟಿಲ್ರಿ."

ಅಷ್ಟೇ. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಹೇಳಿದ್ದಲ್ಲ, ನೀವು ಯಾರನ್ನೂ ಕೆಲಸದಿಂದ ತೆಗೆಸುವವರಲ್ಲ. ಎಲ್ಲರೆದುರಿಗೆ ಹೊಗಳಿಸಿಕೊಂಡ ಗಿರಿಜಾ ಸಣ್ಣವಳಾಗಬಾರದು—ಅದೊಂದೇ ಕಾರಣ. ಆಮೇಲೆ ನಾನು ಮಾಡಿದ್ದು ಇನ್ನೂ ನಾಚಿಕೆಗೇಡು. ಚೀಲದಿಂದ ಬನ್ನಿ ಎಲೆ ತೆಗೆದು ನಿಮ್ಮ ಕೈಗೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಸರ್" ಅಂದು ಕಾಲಿಗೆ ನಮಸ್ಕಾರ ಮಾಡಿದೆ. ನೀವು ತಲೆ ಮುಟ್ಟಿ ಆಶೀರ್ವಾದ ಮಾಡಿದಿರಿ.

ಮಾಲೀಕರು ಬಂದರು, ಸುಮ್ಮನಿದ್ದ ಬಾಟಲಿಗಳನ್ನು ನೋಡಿದರು, ಚಹಾ ಕುಡಿದು ಹೋದರು. ಆ ಸಂಜೆ ನೀವು ಪ್ರಯೋಗದ ನೋಟುಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿರಿ: "ಆನೆಗೊಂದಿ ಕೆಸರು ನಂಬಲರ್ಹವಲ್ಲ. ಪ್ರಯೋಗ ಮುಕ್ತಾಯ." ಆ ವರ್ಷವೇ ಕುಷ್ಟಗಿಗೆ ವರ್ಗ ಕೇಳಿ, ನೋಟುಪುಸ್ತಕವನ್ನೂ ತೆಗೆದುಕೊಂಡು ಹೋದಿರಿ. ಮತ್ತೆ ಯಾವ ಬಾಟಲಿಯನ್ನೂ ಹೂಡಲಿಲ್ಲವಂತೆ.

ಬಾಟಲಿಗಳನ್ನು ತೊಳೆದಿಡಲು ನನಗೇ ಹೇಳಿದ್ದಿರಿ. ಎರಡನ್ನು ತೊಳೆದೆ. ಮೂರನೆಯದಕ್ಕೆ ಕೈ ಬರಲಿಲ್ಲ. ತಳದ ಕೆಸರನ್ನು ಒಂದು ಸಣ್ಣ ಸೀಸೆಗೆ ಸುರಿದು ಇಟ್ಟುಕೊಂಡೆ. ಅದು ಒಣಗಿ ಪುಡಿಯಾಯಿತು. ಯಲಬುರ್ಗಾದ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಬಂದಾಗ ಟ್ರಂಕಿನಲ್ಲಿ ಸೀಸೆಯೂ ಬಂತು. ಏಕೆ ಇಟ್ಟುಕೊಂಡೆನೋ—ಎಸೆದರೆ ಸುಳ್ಳು ಪೂರ್ತಿಯಾಗುತ್ತದೆ ಎಂದಿರಬೇಕು.

ಈ ವರ್ಷ ಒಂದು ಪುಸ್ತಕದಲ್ಲಿ ಓದಿದೆ: ಗಾಳಿ ಬೇಡದ ಇಂಥ ಜೀವಗಳಲ್ಲಿ ಕೆಲವು, ಕೆಟ್ಟ ಕಾಲ ಬಂದಾಗ ಗಟ್ಟಿ ಕವಚ ತೊಟ್ಟು ವರ್ಷಗಟ್ಟಲೆ ಮಲಗಿಬಿಡುತ್ತವಂತೆ. ಅಂದರೆ ಆ ಕೆಸರು ಸತ್ತಿರಲಿಕ್ಕಿಲ್ಲ, ಮಲಗಿತ್ತಷ್ಟೇ. ಅಂದು ನಾನು ನಿಜ ಹೇಳಿದ್ದರೆ, ನೀವು ಹೊಸ ನೀರು ಕೊಟ್ಟು ಮತ್ತೆ ಬಿರಡೆ ಬಿಗಿಯುತ್ತಿದ್ದಿರಿ, ಮಾಲೀಕರಿಗೆ ಒಂದು ವಾರ ತಡೆಯಿರಿ ಅನ್ನುತ್ತಿದ್ದಿರಿ. ಒಂದು ವಾರ, ಸರ್, ಅಷ್ಟೇ ಬೇಕಾಗಿದ್ದದ್ದು.

ಔಷಧಿ ಅಂಗಡಿಯಿಂದ ಗ್ಲಿಸರಿನ್ ತಂದೆ. ನೀವು ಕಲಿಸಿದಂತೆಯೇ ಎಲ್ಲ ಮಾಡಿ, ಪುಡಿ ಸೇರಿಸಿ, ಬಾಟಲಿಯನ್ನು ಶಾಲೆಯ ಪ್ರಯೋಗದ ಕೋಣೆಯ ಮೂಲೆಗೆ, ಭತ್ತದ ಹೊಟ್ಟಿನಲ್ಲಿ ಬೆಚ್ಚಗೆ ಹೂತಿಟ್ಟೆ. ಮೂರು ದಿನ ಏನೂ ಇಲ್ಲ. ನಾಲ್ಕನೆಯ ದಿನ ಲೋಟದಲ್ಲಿ ಒಂದು ಗುಳ್ಳೆ ಬಂತು. ಆಮೇಲೆ ಇನ್ನೊಂದು. ಪಾಠ ಬಿಟ್ಟು ಅಲ್ಲೇ ಕೂತು ಅತ್ತೆ. ಅದೇ ಹುಳಿ ನಾತ, ಸರ್. ಒಳಗೆ ನಿಮ್ಮ ದ್ರವ ಆಗುತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಅದನ್ನು ನೀವೇ ನೋಡಿ ಹೇಳಬೇಕು.

ಇದರಿಂದ ನನ್ನ ತಪ್ಪು ಸಣ್ಣದಾಯಿತು ಅಂತ ಹೇಳುತ್ತಿಲ್ಲ. ಕೆಸರು ಎದ್ದಿತು, ನಿಮ್ಮ ಎಂಟು ವರ್ಷ ಏಳುವುದಿಲ್ಲ.

ಈ ಬನ್ನಿ ಹಬ್ಬಕ್ಕೆ ಕುಷ್ಟಗಿಗೆ ಬರುತ್ತೇನೆ, ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೊಳವೆ ನೀರಿನಿಂದ ಮೇಲೆ ಬಾರದ ಹಾಗೆ. ಎಲೆ ಕೈಗೆ ಕೊಡುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತೇನೆ. ನೀವು ಮೊದಲು ಆ ನೋಟುಪುಸ್ತಕ ತೆಗೆಯಿರಿ. ಕೆಂಪು ಸಾಲನ್ನು ಹೊಡೆದುಹಾಕಿ, ಕೆಳಗೆ ಬರೆಯಿರಿ: ಕೆಸರು ಚೆನ್ನಾಗಿದೆ, ಬಿರಡೆ ತೆಗೆದವಳು ಗಿರಿಜಾ. ಅದರ ಮುಂದಿನ ಪುಟ ಖಾಲಿ ಇದೆ, ನನಗೆ ನೆನಪಿದೆ. ಅಲ್ಲಿಂದ ಮತ್ತೆ ಶುರು ಮಾಡಿ, ಸರ್. ಬಾಟಲಿ ತೊಳೆಯಲು ನಾನಿದ್ದೇನೆ, ನೀವು ಹೇಳಿದಾಗ ಮಾತ್ರ.